ಹಿಗ್ಸ್ ಸಿಕ್ಕಾಯ್ತಲ್ಲ, ಮತ್ತೆ 91 ಕಿಲೋಮೀಟರಿನ ಕೊಲೈಡರ್ ಯಾಕೆ?

ಪ್ರಶ್ನೆ: ಸರ್, ನಾನು ಹೈಸ್ಕೂಲಲ್ಲಿ ವಿಜ್ಞಾನ ಪಾಠ ಮಾಡ್ತೀನಿ. ಮಗಳು ಬಿಎಸ್‌ಸಿ ಮೊದಲನೇ ವರ್ಷ, ಪಾರ್ಟಿಕಲ್ ಫಿಸಿಕ್ಸೇ ಓದೋದು ಅಂತ ಹಠ ಹಿಡಿದಿದಾಳೆ. 2012ರಲ್ಲಿ ಹಿಗ್ಸ್ ಕಣ ಸಿಕ್ಮೇಲೆ ಎಲ್‌ಎಚ್‌ಸಿಲಿ, ಅಂದ್ರೆ ಸರ್ನ್ ಪ್ರಯೋಗಾಲಯದ ಕಣಗಳನ್ನ ಢಿಕ್ಕಿ ಹೊಡೆಸೋ ಮಷೀನಲ್ಲಿ (ಕೊಲೈಡರಲ್ಲಿ), ಹೊಸದು ಏನೂ ಸಿಕ್ಕಿಲ್ಲ ಅಂತಾರೆ. ಈಗ ಜಿನೀವಾದಲ್ಲಿ ಅದರ ಮೂರು ಪಟ್ಟು ದೊಡ್ಡದು ಕಟ್ಟಬೇಕು ಅಂತಿದಾರೆ. ಇದಕ್ಕೆ ನಿಜವಾದ ವೈಜ್ಞಾನಿಕ ಕಾರಣ ಇದೆಯಾ, ಇಲ್ಲಾ ಸುಮ್ನೆ ದೊಡ್ಡದು ಮಾಡ್ತಾ ಹೋಗೋದಾ? ಮಗಳಿಗೆ ಏನು ಹೇಳ್ಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆಲಿ ಒಂದು ಭಾಗ ಪೂರ್ತಿ ನಿಜ, ಅದನ್ನ ಒಪ್ಕೊಂಡೇ ಶುರು ಮಾಡ್ತೀನಿ. ಎಲ್‌ಎಚ್‌ಸಿ ಓಡೋಕೆ ಮುಂಚೆ ನಮ್ಮ ಕ್ಷೇತ್ರದಲ್ಲಿ ಬಹಳ ಜನ ಸೂಪರ್‌ಸಿಮೆಟ್ರಿ ಅನ್ನೋ ಸಿದ್ಧಾಂತ ಹೇಳೋ ಹೊಸ ಕಣಗಳು ಇನ್ನೇನು ಬಾಗಿಲಲ್ಲೇ ನಿಂತಿವೆ ಅನ್ನೋ ಹಾಗೆ ಮಾತಾಡಿದ್ರು. ಬಾಗಿಲು ತೆಗೆದು ನೋಡಿದ್ರೆ ಯಾರೂ ಇರ್ಲಿಲ್ಲ. ಕ್ವಾರ್ಕ್‌ಗಳು (ಪ್ರೋಟಾನ್ ನ್ಯೂಟ್ರಾನ್ ಒಳಗಿರೋ ಮೂಲ ಕಣಗಳು) ಸೇರಿ ಆಗಿರೋ ಹೊಸ ಕಣಗಳು 70ಕ್ಕೂ ಹೆಚ್ಚು ಸಿಕ್ಕಿವೆ, ಅದು ಸಣ್ಣ ವಿಷಯ ಅಲ್ಲ, ಆದ್ರೆ ನೀವು ಕೇಳ್ತಿರೋದು ಮೂಲ ಕಣದ ಬಗ್ಗೆ, ಅಂಥದ್ದು ಹಿಗ್ಸ್ ಬಿಟ್ರೆ ಒಂದೂ ಇಲ್ಲ. ಹಾಗಾಗಿ ಈಗ ಯಾರಾದ್ರೂ ಬಂದು ದೊಡ್ಡ ಮಷೀನ್ ಕಟ್ಟಿ, ಡಾರ್ಕ್ ಮ್ಯಾಟರ್ (ಆಕಾಶದಲ್ಲಿ ಕಣ್ಣಿಗೆ ಕಾಣದೇ ಸೆಳೆತ ಮಾತ್ರ ತೋರಿಸೋ ದ್ರವ್ಯ) ಸಿಗೋದು ಗ್ಯಾರಂಟಿ ಅಂದ್ರೆ ನಂಬಬೇಡಿ.

ಎಲ್‌ಎಚ್‌ಸಿಗೆ ನಿಜವಾಗ್ಲೂ ಒಂದು ಗ್ಯಾರಂಟಿ ಇತ್ತು, ಅದು ಗೊತ್ತಿರ್ಲಿ. ಹಿಗ್ಸ್ ಇಲ್ಲ ಅಂತ ಇಟ್ಕೊಂಡು ಲೆಕ್ಕ ಹಾಕಿದ್ರೆ, ದುರ್ಬಲ ಬಲವನ್ನ ಹೊರೋ ಎರಡು ಡಬ್ಲ್ಯೂ ಕಣಗಳು ಒಂದಕ್ಕೊಂದು ಢಿಕ್ಕಿ ಹೊಡೆಯೋ ಸಂಭವನೀಯತೆ ಶಕ್ತಿ ಹೆಚ್ಚಿಸ್ತಾ ಹೋದ ಹಾಗೆ ಏರ್ತಾ ಏರ್ತಾ ಸುಮಾರು 1 ಟಿಇವಿ (ಕಣದ ಶಕ್ತಿನೂ ದ್ರವ್ಯರಾಶಿನೂ ಅಳೆಯೋ ಮಾನ, 1 ಟಿಇವಿ ಅಂದ್ರೆ ಸಾವಿರ ಜಿಇವಿ) ಹತ್ರ ನೂರಕ್ಕೆ ನೂರನ್ನ ದಾಟಿಬಿಡ್ತಿತ್ತು. ಅದಕ್ಕೆ ಅರ್ಥವೇ ಇಲ್ವಲ್ಲ. ಅಂದ್ರೆ ಆ ಶಕ್ತಿ ಒಳಗೆ ಹಿಗ್ಸೋ ಇನ್ನೊಂದೋ ಏನೋ ಇರಲೇಬೇಕು ಅಂತ ಮೊದಲೇ ಗೊತ್ತಿತ್ತು. ಮುಂದಿನ ಮಷೀನಿಗೆ ಅಂಥ ಲೆಕ್ಕ ಯಾವುದೂ ಇಲ್ಲ, ಯಾಕಂದ್ರೆ ಹಿಗ್ಸ್ ಬಂದ್ಮೇಲೆ ಆ ಗಣಿತ ಸರಿಹೋಗಿಬಿಟ್ಟಿದೆ.

ಹಾಗಾದ್ರೆ ಕಾರಣ ಏನು? ನನ್ನ ಪ್ರಕಾರ ಕಾರಣ ಆ ಹಿಗ್ಸೇ. ಅದು ಸಿಕ್ಕಿದೆ, ಆದ್ರೆ ಅದು ಏನು ಅಂತ ನಮಗಿನ್ನೂ ತಿಳಿದಿಲ್ಲ.

2012ರ ಜುಲೈ 4ಕ್ಕೆ ಸರ್ನ್‌ನಿಂದ ಲೈವ್ ಬರ್ತಿದ್ದಾಗ ನಾವು ಇಪ್ಪತ್ತು ಮೂವತ್ತು ಜನ ಒಂದೇ ರೂಮಲ್ಲಿ ಸ್ಕ್ರೀನ್ ಮುಂದೆ ಒತ್ಕೊಂಡು ಕೂತಿದ್ವಿ, ಆ ಗ್ರಾಫಲ್ಲಿ 125 ಜಿಇವಿ ಹತ್ರ ಸಣ್ಣದೊಂದು ಉಬ್ಬು ಕಂಡಾಗ ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ರು ಕಣ್ಣೊರೆಸ್ಕೊಂಡಿದ್ದು ಇವತ್ತಿಗೂ ನೆನಪಿದೆ. ಅವತ್ತು ಪೇಪರಲ್ಲೆಲ್ಲ ಬಂದಿದ್ದು ‘ಎಲ್ಲ ಕಣಗಳಿಗೂ ದ್ರವ್ಯರಾಶಿ ಕೊಡೋ ಕಣ’ ಅಂತ. ಎಲ್ಲ ಕಣಗಳಿಗೂ? ಪರೀಕ್ಷೆ ಮಾಡಿ ನೋಡಿರೋದು ಎಷ್ಟು ಅಂತ ಕೇಳಿ. ಡಬ್ಲ್ಯೂ, ಅದರ ಜೊತೆಗಾರ ಝೆಡ್, ಟಾಪ್ ಕ್ವಾರ್ಕ್, ಬಾಟಮ್ ಕ್ವಾರ್ಕ್, ಎಲೆಕ್ಟ್ರಾನಿನ ದೊಡ್ಡಣ್ಣ ಟಾವ್, ಅಂದ್ರೆ ಭಾರವಾದವುಗಳಷ್ಟೇ ಗಟ್ಟಿಯಾಗಿ ಸಾಬೀತಾಗಿರೋದು. ಎಲೆಕ್ಟ್ರಾನಿನ ಇನ್ನೊಬ್ಬ ಅಣ್ಣ ಮ್ಯೂಆನ್‌ಗೆ 2020ರಲ್ಲಿ ಮೊದಲ ಪುರಾವೆ ಬಂತು. ಅಪ್, ಡೌನ್ ಕ್ವಾರ್ಕ್ ಮತ್ತು ಎಲೆಕ್ಟ್ರಾನ್? ಇನ್ನೂ ಇಲ್ಲ.

ಆದ್ರೆ ನಾವು ಆಗಿರೋದೇ ಆ ಹಗುರ ಕಣಗಳಿಂದ ಮೇಷ್ಟ್ರೇ. ನಮ್ಮ ಮೈತೂಕದಲ್ಲಿ ಹಿಗ್ಸ್‌ನ ಪಾಲು ನೂರಕ್ಕೆ ಒಂದೆರಡು ಭಾಗ ಅಷ್ಟೇ, ಉಳಿದಿದ್ದೆಲ್ಲ ಪ್ರೋಟಾನ್ ನ್ಯೂಟ್ರಾನ್ ಒಳಗೆ ಕ್ವಾರ್ಕ್‌ಗಳನ್ನ ಬಿಗಿದು ಹಿಡಿದಿರೋ ಶಕ್ತಿಯಿಂದ ಬರೋದು, ಆದ್ರೆ ಆ ಒಂದೆರಡು ಭಾಗ ಬದಲಾದ್ರೆ ಸಾಕು ಲೋಕವೇ ಬೇರೆ. ಪರಮಾಣು ಎಷ್ಟು ದೊಡ್ಡದು ಅನ್ನೋದನ್ನ ತೀರ್ಮಾನ ಮಾಡೋದು ಎಲೆಕ್ಟ್ರಾನಿನ ದ್ರವ್ಯರಾಶಿ, ಅದು ಅರ್ಧ ಆದ್ರೆ ಪರಮಾಣು ಎರಡರಷ್ಟು ಹಿಗ್ಗತ್ತೆ. ಡೌನ್ ಕ್ವಾರ್ಕು ಅಪ್‌ಗಿಂತ ಸ್ವಲ್ಪ ಭಾರ ಇರೋದ್ರಿಂದಲೇ ನ್ಯೂಟ್ರಾನು ಪ್ರೋಟಾನಿಗಿಂತ ಭಾರ. ಇದು ತಿರುಗಾಮುರುಗ ಆಗಿದ್ರೆ ಪ್ರೋಟಾನೇ ಒಡೆದು ನ್ಯೂಟ್ರಾನ್ ಆಗ್ತಿತ್ತು, ಹೈಡ್ರೋಜನ್ ಇರ್ತಿರ್ಲಿಲ್ಲ, ನೀರು ಇರ್ತಿರ್ಲಿಲ್ಲ. ಇಷ್ಟೆಲ್ಲ ನಿಂತಿರೋ ಆ ಸಣ್ಣ ಸಂಖ್ಯೆಗಳು ಹಿಗ್ಸ್‌ನಿಂದಲೇ ಬಂದಿವೆಯಾ, ಬಂದಿದ್ರೆ ಎಲೆಕ್ಟ್ರಾನಿಗೆ ಯಾಕೆ ಇಷ್ಟು ಕಮ್ಮಿ ಮತ್ತು ಟಾಪ್ ಕ್ವಾರ್ಕಿಗೆ ಅದರ ಮೂರು ಲಕ್ಷ ಪಟ್ಟಿಗೂ ಜಾಸ್ತಿ, ಯಾರಿಗೂ ಗೊತ್ತಿಲ್ಲ. ನಾವು ಆ ಸಂಖ್ಯೆಗಳನ್ನ ಅಳೆದು ಸಮೀಕರಣದೊಳಗೆ ಕೈಯಾರೆ ಬರೀತೀವಿ ಅಷ್ಟೇ.

ಹಾಗಿದ್ರೆ ಎಲ್‌ಎಚ್‌ಸಿಲೇ ಅಳೀಬಹುದಲ್ಲ ಅಂತೀರಿ. ಅಳೀತಿದೀವಿ, ಆದ್ರೆ ಅಲ್ಲಿ ಢಿಕ್ಕಿ ಹೊಡೆಸೋದು ಪ್ರೋಟಾನ್‌ಗಳನ್ನ, ಪ್ರೋಟಾನ್ ಅಂದ್ರೆ ಹಲಸಿನ ಹಣ್ಣಿದ್ದ ಹಾಗೆ. ಎರಡು ಹಲಸಿನ ಹಣ್ಣನ್ನ ಜೋರಾಗಿ ಒಂದಕ್ಕೊಂದು ಎಸೆದ್ರೆ ನಿಜವಾಗಿ ತಾಗೋದು ಇದರ ಒಂದು ತೊಳೆ ಅದರ ಒಂದು ತೊಳೆ, ಉಳಿದ ಮೇಣ, ರಚ್ಚೆ, ಸಿಪ್ಪೆ ಎಲ್ಲ ಸುತ್ತ ಚೆಲ್ಲಾಡತ್ತೆ. ಯಾವ ತೊಳೆ ತಾಗ್ತು, ಎಷ್ಟು ವೇಗದಲ್ಲಿ ತಾಗ್ತು ಅಂತ ನಿಖರವಾಗಿ ಹೇಳೋಕೇ ಆಗಲ್ಲ. ಸುಮಾರು ನೂರು ಕೋಟಿ ಢಿಕ್ಕಿಗೆ ಒಂದು ಹಿಗ್ಸ್ ಹುಟ್ಟತ್ತೆ, ಅದನ್ನ ಆ ಮೇಣದೊಳಗಿಂದ ಬಿಡಿಸಿ ತೆಗೀಬೇಕು. ಇದನ್ನ ಮಾಡ್ತಿರೋ ಹುಡುಗ್ರು ಹುಡುಗೀರ ಕೆಲಸ ನೋಡಿದ್ರೆ ಆಶ್ಚರ್ಯ ಆಗತ್ತೆ, ಆದ್ರೂ 2030ರ ಸುಮಾರಿಗೆ ಶುರುವಾಗೋ ಹೈ ಲ್ಯುಮಿನಾಸಿಟಿ ಎಲ್‌ಎಚ್‌ಸಿ, ಅಂದ್ರೆ ಢಿಕ್ಕಿಗಳನ್ನ ಬಹಳ ಹೆಚ್ಚಿಸಿದ ಎಲ್‌ಎಚ್‌ಸಿ, ತನ್ನ ಕೆಲಸ ಪೂರ್ತಿ ಮುಗಿಸಿದ್ಮೇಲೂ ಹಿಗ್ಸ್‌ನ ಮುಖ್ಯ ಕಪ್ಲಿಂಗ್‌ಗಳು (ಬೇರೆ ಕಣಗಳ ಜೊತೆ ಅದರ ಹಿಡಿತ ಎಷ್ಟು ಗಟ್ಟಿ ಅನ್ನೋ ಸಂಖ್ಯೆಗಳು) ನೂರಕ್ಕೆ ಎರಡರಿಂದ ನಾಲ್ಕರ ತಪ್ಪಿನೊಳಗೆ ಸಿಗಬಹುದು ಅಷ್ಟೇ.

ಅದಕ್ಕೇ ಸರ್ನ್‌ನ ಹೊಸ ಯೋಜನೆ, ಫ್ಯೂಚರ್ ಸರ್ಕ್ಯುಲರ್ ಕೊಲೈಡರ್, ಚಿಕ್ಕದಾಗಿ ಎಫ್‌ಸಿಸಿ, ಮೊದಲ ಹಂತದಲ್ಲಿ ಪ್ರೋಟಾನ್ ಅಲ್ಲ, ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್‌ಗಳನ್ನ ಢಿಕ್ಕಿ ಹೊಡೆಸತ್ತೆ. ಇವು ಗೋಲಿ ಇದ್ದ ಹಾಗೆ, ಒಳಗೆ ತೊಳೆ ಇಲ್ಲ ಮೇಣ ಇಲ್ಲ, ನಮಗೆ ತಿಳಿದ ಮಟ್ಟಿಗೆ ಒಳಗೆ ಏನೂ ಇಲ್ಲ. ಒಳಗೆ ಹೋದ ಶಕ್ತಿ ಎಷ್ಟು ಅಂತ ಪಕ್ಕಾ ಗೊತ್ತಿರತ್ತೆ. 240 ಜಿಇವಿಲಿ ಓಡಿಸಿದ್ರೆ ಒಂದು ಝೆಡ್ ಮತ್ತು ಒಂದು ಹಿಗ್ಸ್ ಜೊತೆಯಾಗಿ ಹುಟ್ತವೆ. ಝೆಡ್ಡನ್ನ ಮಾತ್ರ ಹಿಡಿದು ಅಳೆದ್ರೆ ಸಾಕು, ಹಿಗ್ಸ್ ಕಡೆ ತಿರುಗಿಯೂ ನೋಡಬೇಕಾಗಿಲ್ಲ. ಮಗನ್ನ 500 ರೂಪಾಯಿ ಕೊಟ್ಟು ಸಂತೆಗೆ ಕಳಿಸಿದ್ರೆ ವಾಪಸ್ 375 ತಂದ ಅಂದ್ಮೇಲೆ ಖರ್ಚು 125 ಅಂತ ಚೀಲ ಬಿಚ್ಚದೇ ಹೇಳ್ತೀವಲ್ಲ, ಹಾಗೇ. ಇದರಲ್ಲಿರೋ ದೊಡ್ಡ ಲಾಭ ಏನು ಗೊತ್ತಾ, ಹಿಗ್ಸ್ ನಮ್ಮ ಡಿಟೆಕ್ಟರಿಗೆ ಕಾಣದೇ ಇರೋ ಯಾವುದೋ ಕಣವಾಗಿ ಒಡೆದು ಹೋಗಿದ್ರೂ ಲೆಕ್ಕಕ್ಕೆ ಸಿಕ್ಕೇ ಸಿಗತ್ತೆ. ಡಾರ್ಕ್ ಮ್ಯಾಟರ್ ಹಿಗ್ಸ್ ಜೊತೆ ಮಾತ್ರ ಮಾತಾಡೋ ಜಾತಿಯದಾಗಿದ್ರೆ, ಹಗುರವಾಗಿದ್ರೆ, ಇಲ್ಲೇ ಸುಳಿವು ಸಿಗಬೇಕು. ಒಟ್ಟು ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹಿಗ್ಸ್ ಹೀಗೆ ಶುದ್ಧವಾಗಿ ಸಿಗತ್ತೆ ಅನ್ನೋದು ಅಂದಾಜು. ಎಲೆಕ್ಟ್ರಾನಿನ ಕಪ್ಲಿಂಗ್ ವಿಚಾರಕ್ಕೆ ಬಂದ್ರೆ, ಮಷೀನನ್ನ ಸರಿಯಾಗಿ 125 ಜಿಇವಿ ಮೇಲೇ ನಿಲ್ಸಿ ವರ್ಷಗಟ್ಟಲೆ ಓಡಿಸಬೇಕು, ಆಗಲೂ ಕಷ್ಟ, ಆದ್ರೆ ಅದರ ಹತ್ತಿರಕ್ಕಾದ್ರೂ ಹೋಗಬಹುದು.

ಕಪ್ಲಿಂಗ್ ನೂರಕ್ಕೆ ಎರಡು ತಪ್ಪಿದ್ರೆ ಏನು, ನೂರಕ್ಕೆ ಕಾಲು ತಪ್ಪಿದ್ರೆ ಏನು ಅಂತ ಅನ್ನಿಸಬಹುದು. ಇಲ್ಲಿ ಸ್ವಲ್ಪ ನಿಲ್ಲಿ, ಇಡೀ ವಾದದ ಗಂಟು ಇರೋದು ಇಲ್ಲೇ. ನಮಗೆ ಕಾಣದ ಭಾರವಾದ ಕಣ ಒಂದು ಎಲ್ಲೋ ಇದ್ರೆ ಅದು ಹಿಗ್ಸ್‌ನ ನಡವಳಿಕೆಯನ್ನ ಚೂರು ಬದಲಾಯಿಸತ್ತೆ, ಎಷ್ಟು ಬದಲಾವಣೆ ಅನ್ನೋದು ಆ ಕಣದ ದ್ರವ್ಯರಾಶಿಯ ವರ್ಗಕ್ಕೆ ವಿಲೋಮ. 1 ಟಿಇವಿ ಕಣ ಆದ್ರೆ ಸುಮಾರು ನೂರಕ್ಕೆ ಐದಾರು, 5 ಟಿಇವಿ ಆದ್ರೆ ಅದರ ಇಪ್ಪತ್ತೈದನೇ ಒಂದು ಭಾಗ, ಅಂದ್ರೆ ನೂರಕ್ಕೆ ಕಾಲು. 1 ಟಿಇವಿ ಸುತ್ತಮುತ್ತ ಎಲ್‌ಎಚ್‌ಸಿ ನೇರವಾಗೇ ಬಹಳಷ್ಟು ಜಾಲಾಡಿ ಆಗಿದೆ. ಹಾಗಾಗಿ ನೂರಕ್ಕೆ ಎರಡರ ಮಟ್ಟದಲ್ಲಿ ಹಿಗ್ಸ್ ಸರಿಯಾಗೇ ಕಾಣ್ತಿದೆ ಅನ್ನೋದರಲ್ಲಿ ಹೊಸ ಸುದ್ದಿ ಇಲ್ಲ, ಹಾಗೆ ಕಾಣಲೇಬೇಕು. ನಿಜವಾದ ಪರೀಕ್ಷೆ ಶುರುವಾಗೋದೇ ಅದಕ್ಕಿಂತ ಹತ್ತು ಪಟ್ಟು ನಿಖರತೆಯಿಂದ. ಎಫ್‌ಸಿಸಿ ಝೆಡ್ ಜೊತೆಗಿನ ಕಪ್ಲಿಂಗನ್ನ ನೂರಕ್ಕೆ 0.1ರಿಂದ 0.2ರಷ್ಟು ನಿಖರವಾಗಿ ಅಳೀಬೇಕು ಅನ್ನೋ ಗುರಿ ಬಂದಿರೋದು ಈ ಲೆಕ್ಕದಿಂದ, ಸುಮ್ನೆ ಇನ್ನೊಂದು ದಶಮಾಂಶ ಸ್ಥಾನ ಸೇರಿಸೋ ಆಸೆಯಿಂದಲ್ಲ.

ಇದು ಕೆಲಸ ಮಾಡತ್ತೆ ಅನ್ನೋಕೆ ಉದಾಹರಣೆನೂ ಇದೆ. ಈಗ ಎಲ್‌ಎಚ್‌ಸಿ ಇರೋ 27 ಕಿಲೋಮೀಟರ್ ಸುರಂಗದಲ್ಲೇ 1989ರಿಂದ 2000ದ ತನಕ ಎಲ್‌ಇಪಿ ಅನ್ನೋ ಎಲೆಕ್ಟ್ರಾನ್ ಮಷೀನ್ ಇತ್ತು. ಅದು ಸುಮಾರು 1.7 ಕೋಟಿ ಝೆಡ್ ಕಣಗಳನ್ನ ಅಳೀತು. ಟಾಪ್ ಕ್ವಾರ್ಕನ್ನ ಹುಟ್ಟಿಸೋ ಶಕ್ತಿ ಅದಕ್ಕೆ ಇರಲೇ ಇಲ್ಲ, ಆದ್ರೂ ಝೆಡ್‌ನ ಸಣ್ಣ ಸಣ್ಣ ಏರುಪೇರು ನೋಡಿ ಟಾಪ್ ಎಷ್ಟು ಭಾರ ಇರಬೇಕು ಅಂತ ಮೊದಲೇ ಹೇಳಿತ್ತು, 1995ರಲ್ಲಿ ಅಮೆರಿಕದ ಟೆವಟ್ರಾನ್ ಕೊಲೈಡರಲ್ಲಿ ಟಾಪ್ ಸಿಕ್ಕಿದ್ದು ಹೆಚ್ಚುಕಮ್ಮಿ ಅಷ್ಟೇ ಭಾರದಲ್ಲಿ. ಯಾವುದಕ್ಕೂ ಸುಲಭಕ್ಕೆ ಸಿಗದ ನ್ಯೂಟ್ರಿನೋ ಕಣದ ಹಗುರ ಜಾತಿಗಳು ಮೂರೇ, ನಾಲ್ಕನೆಯದಿಲ್ಲ ಅಂತ ತೋರಿಸಿದ್ದೂ ಅದೇ. ಆ ಮಷೀನ್ ಎಷ್ಟು ಸೂಕ್ಷ್ಮ ಅಂದ್ರೆ ಚಂದ್ರನ ಸೆಳೆತಕ್ಕೆ ಜಿನೀವಾದ ನೆಲ ಉಬ್ಬಿ ಇಳಿದು 27 ಕಿಲೋಮೀಟರಿನ ಉಂಗುರ ಒಂದು ಮಿಲಿಮೀಟರ್ ಹಿಗ್ಗೋದು ಕುಗ್ಗೋದು ಕಣಗಳ ಶಕ್ತಿಲಿ ಕಾಣಿಸ್ತಿತ್ತು, ಪ್ಯಾರಿಸ್ಸಿಗೆ ಹೋಗೋ ಟಿಜಿವಿ ರೈಲಿನಿಂದ ಸೋರಿದ ಕರೆಂಟೂ ಕಾಣಿಸ್ತಿತ್ತು. ಇದನ್ನ ಮಕ್ಕಳಿಗೆ ಹೇಳಿ ಮೇಷ್ಟ್ರೇ, ಅಳತೆ ಅಂದ್ರೆ ಏನು ಅಂತ ಅರ್ಥ ಆಗತ್ತೆ. ಎಫ್‌ಸಿಸಿಯ ಅಂದಾಜು ಐದು ಲಕ್ಷ ಕೋಟಿ ಝೆಡ್, ಅಂದ್ರೆ ಎಲ್‌ಇಪಿಗಿಂತ ಸುಮಾರು ಮೂರು ಲಕ್ಷ ಪಟ್ಟು.

ಇನ್ನು ನನಗೆ ವೈಯಕ್ತಿಕವಾಗಿ ತುಂಬಾ ಮುಖ್ಯ ಅನ್ನಿಸೋ ವಿಷಯ. ಹಿಗ್ಸ್ ತನ್ನ ಜೊತೆ ತಾನೇ ವ್ಯವಹಾರ ಮಾಡತ್ತೆ, ನಮಗೆ ಗೊತ್ತಿರೋ ಮೂಲ ಕಣಗಳಲ್ಲಿ ಹೀಗೆ ಮಾಡೋ ಸ್ಪಿನ್ (ಕಣದ ಒಳಗಿನ ತಿರುಗು ಗುಣ) ಇಲ್ಲದ ಕಣ ಇದೊಂದೇ. ಆ ಬಲ ಎಷ್ಟು ಅಂತ ಗೊತ್ತಾದ್ರೆ ವಿಶ್ವ ಹುಟ್ಟಿ ಒಂದು ಸೆಕೆಂಡಿನ ಲಕ್ಷ ಕೋಟಿಯ ಕೆಲವೇ ಭಾಗ ಕಳೆದಾಗ ಕಣಗಳಿಗೆ ದ್ರವ್ಯರಾಶಿ ಕೊಡೋ ಹಿಗ್ಸ್ ಕ್ಷೇತ್ರ ಹೇಗೆ ಆನ್ ಆಯ್ತು ಅಂತ ಗೊತ್ತಾಗತ್ತೆ. ಬೆಚ್ಚಗಿನ ತುಪ್ಪ ಆರ್ತಾ ಆರ್ತಾ ಎಲ್ಲಾ ಕಡೆ ಒಟ್ಟಿಗೆ ನಿಧಾನಕ್ಕೆ ಮಂದ ಆಗೋದು ಒಂದು ರೀತಿ, ನೀರು ಕುದಿಯೋವಾಗ ಅಲ್ಲಲ್ಲಿ ಗುಳ್ಳೆ ಎದ್ದು ಆ ಗುಳ್ಳೆಗಳು ದೊಡ್ಡದಾಗ್ತಾ ಹೋಗೋದು ಇನ್ನೊಂದು ರೀತಿ. ಸ್ಟ್ಯಾಂಡರ್ಡ್ ಮಾಡೆಲ್, ಅಂದ್ರೆ ಮೂಲ ಕಣಗಳ ಬಗ್ಗೆ ಈಗಿರೋ ಸಿದ್ಧಾಂತದ ಪ್ರಕಾರ ತುಪ್ಪದ ರೀತಿ. ಆದ್ರೆ ಗುಳ್ಳೆ ರೀತಿ ಆಗಿದ್ರೆ, ಆ ಗುಳ್ಳೆಗಳ ಅಂಚಲ್ಲಿ ದ್ರವ್ಯ ಪ್ರತಿದ್ರವ್ಯದ ಲೆಕ್ಕ ಸ್ವಲ್ಪ ಏರುಪೇರಾಗಿ, ಸುಮಾರು ನೂರು ಕೋಟಿಗೆ ಒಂದರಷ್ಟು ದ್ರವ್ಯ ಉಳ್ಕೊಂಡು, ನಾವೆಲ್ಲ ಅದರಿಂದ ಆಗಿರೋ ಸಾಧ್ಯತೆ ಇದೆ. ಎಲ್ಲಾ ಸಮ ಇದ್ದಿದ್ರೆ ಬೆಳಕು ಬಿಟ್ಟು ಹೆಚ್ಚೇನೂ ಇರ್ತಿರ್ಲಿಲ್ಲ. ಇದನ್ನ ಅಳೀಬೇಕು ಅಂದ್ರೆ ಎರಡು ಹಿಗ್ಸ್ ಒಟ್ಟಿಗೇ ಹುಟ್ಟೋದನ್ನ ನೋಡಬೇಕು, ಅದು ಒಂದು ಹಿಗ್ಸ್ ಹುಟ್ಟೋದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಅಪರೂಪ. ಎಲ್‌ಎಚ್‌ಸಿ ಕೊನೇ ತನಕ ಓಡಿದ್ರೂ ಉತ್ತರ ಹೆಚ್ಚುಕಮ್ಮಿ ನೂರಕ್ಕೆ ಮೂವತ್ತರ ತಪ್ಪಿನ ಒಳಗೆ ಬರಬಹುದು. ಎಫ್‌ಸಿಸಿಯ ಎರಡನೇ ಹಂತ, ಅಂದ್ರೆ ಅದೇ ಸುರಂಗದಲ್ಲಿ ಎಲೆಕ್ಟ್ರಾನ್ ಮಷೀನ್ ತೆಗೆದು ಪ್ರೋಟಾನ್ ಮಷೀನ್ ಹಾಕಿ ಸುಮಾರು 85 ಟಿಇವಿಲಿ ಓಡಿಸಿದ್ರೆ, ಜೋಡಿ ಹಿಗ್ಸ್ ಹುಟ್ಟೋದು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಜಾಸ್ತಿ ಆಗತ್ತೆ, ತಪ್ಪು ನೂರಕ್ಕೆ ಐದರ ಆಸುಪಾಸಿಗೆ ಇಳಿಯತ್ತೆ. ಇಲ್ಲಿ ಉತ್ತರ ಯಾವುದು ಬಂದ್ರೂ ಅದು ಉತ್ತರವೇ. ತುಪ್ಪ ಅಂತ ಬಂದ್ರೆ ನಾವು ಹುಟ್ಟಿದ ಬಗ್ಗೆ ಇರೋ ಒಂದು ದೊಡ್ಡ ಕಥೆ ಮುಚ್ಚಿಹೋಗತ್ತೆ, ಗುಳ್ಳೆ ಅಂತ ಬಂದ್ರೆ ಹೊಸ ಅಧ್ಯಾಯ ತೆರೆಯತ್ತೆ.

ಡಾರ್ಕ್ ಮ್ಯಾಟರ್ ಬಗ್ಗೆ ಒಂದೇ ಮಾತು. ದುರ್ಬಲ ಬಲ ಮಾತ್ರ ಇರೋ ಸರಳ ಕಣಗಳಿಂದ ಅದು ಆಗಿದ್ರೆ, ಆಕಾಶದಲ್ಲಿ ಎಷ್ಟು ಡಾರ್ಕ್ ಮ್ಯಾಟರ್ ಇದೆ ಅನ್ನೋ ಲೆಕ್ಕದಿಂದಲೇ ಆ ಕಣಗಳ ದ್ರವ್ಯರಾಶಿ ಬರತ್ತೆ, ಒಂದು ಬಗೆಗೆ ಸುಮಾರು 1 ಟಿಇವಿ, ಇನ್ನೊಂದಕ್ಕೆ ಸುಮಾರು 3. ಎಲ್‌ಎಚ್‌ಸಿಗೆ ಅಲ್ಲಿ ತನಕ ಕೈ ಎಟುಕಲ್ಲ, ಎಫ್‌ಸಿಸಿಯ ಪ್ರೋಟಾನ್ ಹಂತಕ್ಕೆ ಎಟುಕತ್ತೆ. ಸಿಗತ್ತೆ ಅಂತಲ್ಲ, ಇದೆಯೋ ಇಲ್ವೋ ಅಂತ ಕಡ್ಡಿ ಮುರಿದ ಹಾಗೆ ಹೇಳಬಹುದು.

ಅಷ್ಟು ದೊಡ್ಡ ಉಂಗುರವೇ ಯಾಕೆ ಬೇಕು ಅನ್ನೋದನ್ನ ನಿಮ್ಮ ಹತ್ತನೇ ಕ್ಲಾಸ್ ಮಕ್ಕಳೂ ಲೆಕ್ಕ ಹಾಕಬಹುದು. ಪ್ರೋಟಾನಿನ ಶಕ್ತಿ ಟಿಇವಿಲಿ ಬೇಕಂದ್ರೆ 0.3ನ್ನ ಅಯಸ್ಕಾಂತದ ಟೆಸ್ಲಾದಿಂದ, ಆಮೇಲೆ ತಿರುವಿನ ತ್ರಿಜ್ಯದ ಕಿಲೋಮೀಟರಿಂದ ಗುಣಿಸಿ. ಎಲ್‌ಎಚ್‌ಸಿಲಿ 8.33 ಟೆಸ್ಲಾ, 2.8 ಕಿಲೋಮೀಟರ್, ಉತ್ತರ 7. ಜಾಸ್ತಿ ಬೇಕಾದ್ರೆ ಒಂದೋ ಉಂಗುರ ದೊಡ್ಡದಾಗಬೇಕು ಇಲ್ಲಾ ಅಯಸ್ಕಾಂತ ಬಲವಾಗಬೇಕು, ಎಫ್‌ಸಿಸಿಲಿ ಎರಡೂ. 14 ಟೆಸ್ಲಾ ಬೇಕು ಅಂದ್ರೆ ಈಗಿನ ನಿಯೋಬಿಯಂ ಟೈಟಾನಿಯಂ ತಂತಿ ಸಾಲಲ್ಲ, ನಿಯೋಬಿಯಂ ತವರದ ತಂತಿ ಬೇಕು, ಅದು ಸುಟ್ಟ ಮೇಲೆ ಗಾಜಿನ ಹಾಗೆ ಪಟ್ ಅಂತ ಮುರಿಯತ್ತೆ. ಹಾಗಾಗಿ ಕುಂಬಾರರು ಹಸಿ ಮಣ್ಣಲ್ಲೇ ಮಡಕೆ ತಿದ್ದಿ ಆಮೇಲೆ ಸುಡೋ ಹಾಗೆ, ಮೊದಲು ಸುರುಳಿ ಸುತ್ತಿ ಆಮೇಲೆ ಸುಮಾರು 650 ಡಿಗ್ರಿಲಿ ಸುಡ್ತಾರೆ. ಎಲೆಕ್ಟ್ರಾನಿಗೆ ಬೇರೆ ಕಷ್ಟ, ಅದು ಹಗುರ, ತಿರುವಲ್ಲಿ ಶಕ್ತಿಯನ್ನ ಬೆಳಕಾಗಿ ಚೆಲ್ಲತ್ತೆ, ಶಕ್ತಿ ಎರಡು ಪಟ್ಟಾದ್ರೆ ಚೆಲ್ಲೋದು ಹದಿನಾರು ಪಟ್ಟು. ತಿರುವು ದೊಡ್ಡದಾದಷ್ಟೂ ಚೆಲ್ಲೋದು ಕಮ್ಮಿ.

ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣಗಳಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಶಕ್ತಿ ಪುಕ್ಕಟೆ ಬರತ್ತಲ್ಲ ಅಂತ ಕೆಲವರು ಕೇಳ್ತಾರೆ, ಒಳ್ಳೇ ಪ್ರಶ್ನೆ, ಅದಕ್ಕೆ ನಮ್ಮ ಕೋಲಾರದಲ್ಲೇ ಉತ್ತರ ಇದೆ. 1965ರಲ್ಲಿ ಕೆಜಿಎಫ್ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಕಾಸ್ಮಿಕ್ ಕಿರಣಗಳಿಂದ ವಾತಾವರಣದಲ್ಲಿ ಹುಟ್ಟೋ ನ್ಯೂಟ್ರಿನೋಗಳನ್ನ ಜಗತ್ತಿನಲ್ಲೇ ಮೊದಲ ಸಾಲಿನಲ್ಲಿ ಹಿಡಿದವರು ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ, ನಮ್ಮ ಟಿಐಎಫ್‌ಆರ್‌ನವರು, ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ. ಅದ್ಭುತ ಕೆಲಸ. ಆದ್ರೆ ತಿಂಗಳುಗಟ್ಟಲೆ ಕಾದ್ರೆ ಬೆರಳೆಣಿಕೆಯಷ್ಟು. ಅತಿ ಹೆಚ್ಚು ಶಕ್ತಿಯ ಕಾಸ್ಮಿಕ್ ಕಣಗಳು ಒಂದು ಚದರ ಕಿಲೋಮೀಟರಿಗೆ ನೂರು ವರ್ಷಕ್ಕೆ ಒಂದರ ಲೆಕ್ಕದಲ್ಲಿ ಬೀಳ್ತವೆ. ಎಲ್‌ಎಚ್‌ಸಿಲಿ ಒಂದು ಸೆಕೆಂಡಿಗೆ ನೂರು ಕೋಟಿ ಢಿಕ್ಕಿ. ಅಳತೆ ಮಾಡಬೇಕಾದ್ರೆ ಕಾಯ್ತಾ ಕೂತ್ರೆ ಆಗಲ್ಲ, ನಾವೇ ಹುಟ್ಟಿಸಬೇಕು.

ದುಡ್ಡು. 2025ರ ಮಾರ್ಚ್ 31ಕ್ಕೆ ಬಂದ ಸರ್ನ್ ವರದಿ ಪ್ರಕಾರ 91 ಕಿಲೋಮೀಟರ್ ಸುರಂಗ ಮತ್ತು ಎಲೆಕ್ಟ್ರಾನ್ ಮಷೀನಿಗೆ ಸುಮಾರು 1500 ಕೋಟಿ ಸ್ವಿಸ್ ಫ್ರಾಂಕ್, ನಮ್ಮ ಲೆಕ್ಕದಲ್ಲಿ ಒಂದೂವರೆ ಲಕ್ಷ ಕೋಟಿ ರೂಪಾಯಿ ಮೇಲೇ. ಸುಮಾರು ಹನ್ನೆರಡು ವರ್ಷಕ್ಕೆ ಹರಡತ್ತೆ, ಬಹಳಷ್ಟು ಸರ್ನ್‌ನ ವರ್ಷದ ಬಜೆಟ್ಟಿನಿಂದಲೇ ಬರಬೇಕು ಅನ್ನೋದು ಯೋಜನೆ. ಆದ್ರೂ ಸಣ್ಣ ದುಡ್ಡಲ್ಲ, ಜರ್ಮನಿ ಸರ್ಕಾರದ ಕಡೆಯಿಂದಾನೇ 2024ರಲ್ಲಿ ತಕರಾರು ಬಂದಿದೆ, ಅದನ್ನ ಯಾರೂ ತಳ್ಳಿಹಾಕಬಾರದು. ವರ್ಲ್ಡ್ ವೈಡ್ ವೆಬ್ ಸರ್ನ್‌ನಲ್ಲೇ ಹುಟ್ತು, ಕ್ಯಾನ್ಸರ್ ಚಿಕಿತ್ಸೆಗೆ ಆಕ್ಸಿಲರೇಟರ್ ಬಂತು ಅಂತೆಲ್ಲ ಹೇಳಿ ಇದನ್ನ ಸಮರ್ಥಿಸೋದು ನನಗೆ ಇಷ್ಟ ಇಲ್ಲ. ಅವೆಲ್ಲ ನಿಜ, ಆದ್ರೆ ವೆಬ್ ಬೇಕು ಅಂತ ಯಾರೂ ಕೊಲೈಡರ್ ಕಟ್ಟಲಿಲ್ಲ. ಮೇಲೆ ಹೇಳಿದ ಪ್ರಶ್ನೆಗಳು ಅಷ್ಟು ದುಡ್ಡಿಗೆ ತಕ್ಕದ್ದು ಅನ್ನಿಸಿದ್ರೆ ಕಟ್ಟಬೇಕು, ಇಲ್ಲಾಂದ್ರೆ ಬೇಡ. ನನಗೆ ತಕ್ಕದ್ದು ಅನ್ನಿಸತ್ತೆ.

ಕಟ್ಟದೇ ಬಿಟ್ರೆ ಏನಾಗತ್ತೆ ಅನ್ನೋದೂ ನೋಡಿದೀವಿ. ಅಮೆರಿಕದವರು ಟೆಕ್ಸಾಸಲ್ಲಿ 87 ಕಿಲೋಮೀಟರಿನ, 40 ಟಿಇವಿಯ ಎಸ್‌ಎಸ್‌ಸಿ ಶುರು ಮಾಡಿ, ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಸುರಂಗ ತೋಡಿ, ಸುಮಾರು 200 ಕೋಟಿ ಡಾಲರ್ ಖರ್ಚು ಮಾಡಿ 1993ರಲ್ಲಿ ನಿಲ್ಲಿಸಿಬಿಟ್ರು. ಸುರಂಗದಲ್ಲಿ ನೀರು ತುಂಬ್ತು. ಅದಕ್ಕಿಂತ ನೋವಿನ ವಿಷಯ ಕೆಲಸ ಕಲಿತಿದ್ದ ಜನ ಚೆದುರಿ ಹೋಗಿದ್ದು. ಅಯಸ್ಕಾಂತದ ಸುರುಳಿ ಸುತ್ತೋ ಕೈಗಳು, ಬೀಮ್ ತಿದ್ದೋ ಕಣ್ಣುಗಳು ಪುಸ್ತಕದಿಂದ ಬರಲ್ಲ, ಒಬ್ಬರ ಪಕ್ಕ ಇನ್ನೊಬ್ರು ನಿಂತು ಕಲಿಯೋದು. ಎಲ್‌ಎಚ್‌ಸಿ 2041ರ ಸುಮಾರಿಗೆ ನಿಲ್ಲತ್ತೆ. ಅಷ್ಟರಲ್ಲಿ ಮುಂದಿನದಕ್ಕೆ ಅಡಿಪಾಯ ಬಿದ್ದಿಲ್ಲ ಅಂದ್ರೆ ಆ ಸರಪಳಿ ಕಡಿಯತ್ತೆ. ಉಂಗುರವೇ ಆಗಬೇಕು ಅನ್ನೋ ಹಠ ನನಗಿಲ್ಲ, ನೇರ ಲೀನಿಯರ್ ಕೊಲೈಡರ್ ಆದ್ರೂ ಸರಿ, ಚೀನಾದ 100 ಕಿಲೋಮೀಟರ್ ಪ್ಲಾನ್ ಆದ್ರೂ ಸರಿ, ಮ್ಯೂಆನ್ ಕೊಲೈಡರ್ ಬಗ್ಗೆ ಕೂಡ ಆಸೆ ಇದೆ ಆದ್ರೆ ಮ್ಯೂಆನ್ ನಿಂತಲ್ಲೇ ಇದ್ರೆ 2.2 ಮೈಕ್ರೋಸೆಕೆಂಡಲ್ಲಿ ಸಾಯತ್ತೆ, ಅಷ್ಟರಲ್ಲಿ ಹಿಡಿದು ಕಟ್ಟು ಮಾಡಿ ಓಡಿಸೋ ವಿದ್ಯೆ ಇನ್ನೂ ಕೈಗೆ ಬಂದಿಲ್ಲ.

ಈಗ ಮಗಳ ವಿಷಯ. ಸರ್ನ್ ಕೌನ್ಸಿಲ್ ತೀರ್ಮಾನ 2028ರ ಸುಮಾರಿಗೆ, ಒಪ್ಪಿದ್ರೆ ಸುರಂಗದ ಕೆಲಸ 2030ರ ದಶಕದಲ್ಲಿ, ಮೊದಲ ಢಿಕ್ಕಿ 2040ರ ದಶಕದ ಕೊನೆ ಕಡೆಗೆ. ಆಗ ಅವಳಿಗೆ ನಲವತ್ತರ ಆಸುಪಾಸು, ಕೆಲಸ ಪೂರ್ತಿ ಕೈಹಿಡಿದಿರೋ ವಯಸ್ಸು. ಅಲ್ಲಿ ತನಕ ಸುಮ್ನೆ ಕೂರೋದೇನಿಲ್ಲ, ಹೈ ಲ್ಯುಮಿನಾಸಿಟಿ ಎಲ್‌ಎಚ್‌ಸಿಯ ಡೇಟಾ ಬರೋ ಹೊತ್ತಿಗೆ ಅವಳು ಪಿಎಚ್‌ಡಿ ಮಾಡ್ತಿರ್ತಾಳೆ. ಭಾರತ 2017ರಿಂದ ಸರ್ನ್‌ನ ಅಸೋಸಿಯೇಟ್ ಸದಸ್ಯ ದೇಶ, ಹಾಗಾಗಿ ಅಲ್ಲಿನ ಕೆಲಸಗಳಿಗೆ ನಮ್ಮವರು ಅರ್ಜಿ ಹಾಕಬಹುದು. ಎಲ್‌ಎಚ್‌ಸಿಯ ದೊಡ್ಡ ಅಯಸ್ಕಾಂತಗಳು ಕೂತಿರೋ ಸುಮಾರು 7 ಸಾವಿರ ಜಾಕ್‌ಗಳು ಭಾರತದಲ್ಲೇ ಆಗಿದ್ದು, ಬೆಂಗಳೂರಲ್ಲೂ ಇಂದೋರಲ್ಲೂ ತಯಾರಾಗಿ ಹೋಗಿದ್ದು, ಇದನ್ನ ಅವಳಿಗೆ ತಪ್ಪದೇ ಹೇಳಿ. ಬೆಂಗಳೂರಿನ ಐಐಎಸ್‌ಸಿಯ ಕಣ ಭೌತವಿಜ್ಞಾನಿ ರೋಹಿಣಿ ಗೋಡ್ಬೋಲೆ ಮೇಡಂ ಬಗ್ಗೆನೂ ಹೇಳಿ, 2024ರ ಅಕ್ಟೋಬರಲ್ಲಿ ತೀರ್ಕೊಂಡ್ರು. ಎಲೆಕ್ಟ್ರಾನ್ ಪಾಸಿಟ್ರಾನ್ ಕೊಲೈಡರಲ್ಲಿ ಫೋಟಾನ್‌ಗಳಿಂದ ಬರೋ ಕಸ ಎಷ್ಟಿರತ್ತೆ ಅಂತ ಅವರು ಭೌತವಿಜ್ಞಾನಿ ಡ್ರೀಸ್ ಅವರ ಜೊತೆ ಮಾಡಿದ ಲೆಕ್ಕವನ್ನ ಇಂಥ ಮಷೀನ್ ಡಿಸೈನ್ ಮಾಡೋವ್ರು ಇವತ್ತಿಗೂ ಗಮನದಲ್ಲಿ ಇಟ್ಕೋತಾರೆ.

ಮೊದಲ ವರ್ಷದಲ್ಲಿ ಅವಳು ಮಾಡಬೇಕಾಗಿರೋದು ಬಹಳ ಇಲ್ಲ. ಲೀನಿಯರ್ ಆಲ್ಜಿಬ್ರಾ ಗಟ್ಟಿ ಮಾಡ್ಕೊಳ್ಲಿ, ಸ್ಟಾಟಿಸ್ಟಿಕ್ಸ್ ಕಲೀಲಿ, ಪೈಥಾನ್ ಕಲೀಲಿ. ಸರ್ನ್‌ನವರು ಎಲ್‌ಎಚ್‌ಸಿಯ ನಿಜವಾದ ಡೇಟಾವನ್ನ ಎಲ್ಲರಿಗೂ ಪುಕ್ಕಟೆ ಬಿಟ್ಟಿದಾರೆ, ಓಪನ್ ಡೇಟಾ ಅಂತ ಹುಡುಕಿದ್ರೆ ಸಿಗತ್ತೆ. ಎರಡು ಮ್ಯೂಆನ್ ಇರೋ ಘಟನೆಗಳನ್ನ ತಗೊಂಡು ಅವಳೇ ದ್ರವ್ಯರಾಶಿ ಲೆಕ್ಕ ಹಾಕಿ ಗ್ರಾಫ್ ಎಳೀಲಿ, 91 ಜಿಇವಿ ಹತ್ರ ಒಂದು ಗುಡ್ಡ ಏಳತ್ತೆ, ಅದೇ ಝೆಡ್. ಅದನ್ನ ಮಾಡಿದ್ಮೇಲೂ ಇದೇ ಓದ್ತೀನಿ ಅಂದ್ರೆ ನೀವು ಅಡ್ಡ ಬರಬೇಡಿ ಮೇಷ್ಟ್ರೇ.